ಮಹನೀಯರ ಪರಿಚಯ: ಪ್ರಜೆಗಳಿಗೆ ಪಾಠ ಹೇಳಿದ ಡಿ.ವಿ.ಜಿ.



ಈ ಸಲದ ಭಿತ್ತಿಪತ್ರಿಕೆಗೆ ಮಹನೀಯರ ಪರಿಚಯ ಬರೆಯುವ ಪಾಳಿ ನನ್ನದು. ನಾನು ಡಿ.ವಿ. ಗುಂಡಪ್ಪನವರನ್ನು ಆರಿಸಿಕೊಂಡಿದ್ದೇನೆ. ಡಿ.ವಿ.ಜಿ. ಅಂದ ಕೂಡಲೇ ಎಲ್ಲರಿಗೂ ‘ಮಂಕುತಿಮ್ಮನ ಕಗ್ಗ’ ನೆನಪಾಗ್ತದ. ಕಗ್ಗದ ಬಗ್ಗೆ ನಮ್ಮ ಕನ್ನಡ ಸರ್ ಬೇಕಾದಷ್ಟು ಹೇಳಿದ್ದಾರೆ. ನಾನು ಬರೆಯುವುದು ಅವರ ಇನ್ನೊಂದು ಕೆಲಸದ ಬಗ್ಗೆ. ರಾಜ ಆಳಬೇಕೋ, ಪ್ರಜೆ ಆಳಬೇಕೋ? ಪ್ರಜೆಯೇ ಆಳುವುದಾದರೆ ಅವನು ಮೊದಲು ಏನು ಕಲಿಯಬೇಕು? ಈ ಪ್ರಶ್ನೆಗಳನ್ನು ಹಿಡಿದು ಡಿ.ವಿ.ಜಿ.ಯವರು ತಮ್ಮ ಬಾಳಿನ ದೊಡ್ಡ ಭಾಗವನ್ನೇ ಕಳೆದರು.

ಕೋಲಾರದ ಕಡೆಯವರ ಕಥೆ ನಮಗ್ಯಾಕ ಅಂತ ಕೇಳಬೇಡಿ. ಅದಕ್ಕೇ ಮೊದಲು ನಮ್ಮ ಸೀಮೆಯ ಮಾತು ಹೇಳುತ್ತೇನೆ.

ನಮ್ಮ ಸುತ್ತ ನಾಲ್ಕು ಆಳ್ವಿಕೆ

ನೂರು ವರ್ಷದ ಹಿಂದೆ ಕುರುಗೋಡಿನಿಂದ ಒಬ್ಬ ರೈತ ಬಂಡಿ ಕಟ್ಟಿಕೊಂಡು ಹೊರಟಾನ ಅಂತ ಇಟ್ಟುಕೊಳ್ಳಿ. ಅವನ ಊರು, ಸಿರುಗುಪ್ಪ, ಬಳ್ಳಾರಿ ಎಲ್ಲಾ ಬ್ರಿಟಿಷರ ಮದ್ರಾಸ್ ಪ್ರಾಂತಕ್ಕೆ ಸೇರಿದ್ದವು. 1800ರಲ್ಲಿ ನಿಜಾಮನು ಈ ಸೀಮೆಯನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟಿದ್ದ. ಸಿರುಗುಪ್ಪ ದಾಟಿ ತುಂಗಭದ್ರಾ ಹೊಳೆ ಇಳಿದು ಆಚೆ ದಂಡೆಗೆ ಹೋದರೆ ಸಿಂಧನೂರು ಸೀಮೆ, ಅದು ನಿಜಾಮನದು. ಬಂಡಿ ತಿರುಗಿಸಿ ಸಂಡೂರಿಗೆ ಹೋದರೆ ಅಲ್ಲಿ ಘೋರ್ಪಡೆ ಮನೆತನದ ರಾಜರು. ತೆಂಕಲಿಗೆ ಮೊಳಕಾಲ್ಮೂರಿಗೆ ಹೋದರೆ ಅದು ಮೈಸೂರು ಮಹಾರಾಜರ ರಾಜ್ಯ.

ಆಡುವ ಮಾತು ಎಲ್ಲಾ ಕಡೆ ಕನ್ನಡವೇ. ಉಣ್ಣುವ ರೊಟ್ಟಿಯೂ ಅದೇ ಜೋಳದ್ದು. ಆಳುವವರು ಮಾತ್ರ ನಾಲ್ಕು ಮಂದಿ. ಮದ್ರಾಸ್ ಪ್ರಾಂತದಲ್ಲಿ 1920ರಿಂದ ಸ್ವಲ್ಪ ಮಂದಿಗೆ, ಅಂದರೆ ಕಂದಾಯ ಕಟ್ಟುವ ಆಸ್ತಿವಂತರಿಗೆ, ಓಟು ಇತ್ತು. ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಇತ್ತು. ಹೊಳೆ ಆಚೆ ನಿಜಾಮನ ಮಾತೇ ಕಡೆಯ ಮಾತು. ನನ್ನ ಮುತ್ತಜ್ಜಿಯ ತವರು ಹೊಳೆ ಆಚೆಗಿತ್ತು. ಮದುವೆಯಾಗಿ ಹೊಳೆ ದಾಟಿದ್ದಕ್ಕೆ ಆಕೆಯ ದೊರೆಯೇ ಬದಲಾಗಿಬಿಟ್ಟ! ಆಕೆಯನ್ನು ಮಾತ್ರ ಯಾರೂ ಕೇಳಲಿಲ್ಲ, ಯವ್ವಾ ನಿನಗ ಯಾರ ಆಳ್ವಿಕೆ ಬೇಕು ಅಂತ.

ಹೀಗೆ ಯಾರೂ ಕೇಳದ ಮಂದಿಯ ಪರವಾಗಿ ಕೇಳಿದವರಲ್ಲಿ ಡಿ.ವಿ.ಜಿ.ಯವರೂ ಒಬ್ಬರು.

ಬಾಲ್ಯ ಮತ್ತು ಕಷ್ಟದ ದಿನಗಳು

ಡಿ.ವಿ.ಜಿ.ಯವರು 1887ರ ಮಾರ್ಚ್ 17ರಂದು ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಜನಿಸಿದರು. ಪೂರ್ಣ ಹೆಸರು ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ. ಅವರು ಮೆಟ್ರಿಕ್ಯುಲೇಷನ್ ಪಾಸಾಗಲಿಲ್ಲ. ಅಂದರೆ ಈಗಿನ ಲೆಕ್ಕದಲ್ಲಿ ಎಸ್ಸೆಸ್ಸೆಲ್ಸಿ ಫೇಲ್. ಗೆಳೆಯರೇ, ಇದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು ಅನ್ನಿಸ್ತು. ಹೋದ ವರ್ಷ ನಮ್ಮ ಶಾಲೆಯಲ್ಲಿ ಫೇಲಾಗಿ, ಮೆಣಸಿನಕಾಯಿ ಬಿಡಿಸಲು ಹೋಗುತ್ತಿರುವ ಅಕ್ಕಂದಿರು ಈ ಗೋಡೆ ಮುಂದೆ ದಿನಾ ಹಾದುಹೋಗ್ತಾರ. ಅವರೂ ಒಂದು ಗಳಿಗೆ ನಿಂತು ಓದಲಿ.

ಪರೀಕ್ಷೆ ಕೈಕೊಟ್ಟ ಮೇಲೆ ಹೊಟ್ಟೆಪಾಡಿಗೆ ಅವರು ಮಾಡದ ಕೆಲಸವಿಲ್ಲ. ಕೋಲಾರದ ಚಿನ್ನದ ಗಣಿ ಊರಿನಲ್ಲಿ ಸೋಡಾ ಕಾರ್ಖಾನೆಯಲ್ಲಿ ದುಡಿದರು. ಬೆಂಗಳೂರಿಗೆ ಬಂದು ಜಟಕಾ ಗಾಡಿಗಳಿಗೆ ಬಣ್ಣ ಬಳಿಯುವ ಅಂಗಡಿಯಲ್ಲಿ ಕೆಲಸಕ್ಕೆ ನಿಂತರು. ಸಂಸ್ಕೃತ, ಇಂಗ್ಲಿಷ್ ಎರಡನ್ನೂ ಸ್ವಂತ ಓದಿನಿಂದ ಬೆಳೆಸಿಕೊಂಡರು. ಹಂಗೇ ಓದುತ್ತಾ ಬರೆಯುತ್ತಾ ಪತ್ರಿಕಾ ಕಚೇರಿಯ ಬಾಗಿಲು ಮುಟ್ಟಿದರು. ಆಗಿನ್ನೂ ಅವರಿಗೆ ಇಪ್ಪತ್ತರ ಆಸುಪಾಸು.

ಪತ್ರಿಕೆಯೇ ಪಾಠಶಾಲೆ

ಆ ಕಾಲದ ಮೈಸೂರು ರಾಜ್ಯದಲ್ಲಿ ಒಂದು ವಿಶೇಷ ಇತ್ತು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಶುರು ಮಾಡಿದ್ದರು. ಊರೂರಿನಿಂದ ಜಮೀನುದಾರರು, ವ್ಯಾಪಾರಸ್ಥರು ಬಂದು ದಿವಾನರ ಮುಂದೆ ಕೂತು ತಮ್ಮ ಕಷ್ಟ ಹೇಳಬಹುದಿತ್ತು. ಹೇಳಬಹುದಿತ್ತು ಅಷ್ಟೇ, ತೀರ್ಮಾನ ಮಾಡುವ ಅಧಿಕಾರ ಸಭೆಗಿರಲಿಲ್ಲ. ಡಿ.ವಿ.ಜಿ.ಯವರು ಚಿಕ್ಕ ವಯಸ್ಸಿನಲ್ಲೇ ಈ ರಂಗಾಚಾರ್ಲು ಅವರ ಜೀವನಚರಿತ್ರೆ ಬರೆದರು. ಪ್ರಜೆ ಮತ್ತು ಸರ್ಕಾರದ ಸಂಬಂಧ ಹೆಂಗಿರಬೇಕು ಅನ್ನುವ ಅವರ ವಿಚಾರ ಅಲ್ಲಿಂದಲೇ ಬೆಳೆಯಿತು ಎನ್ನಬಹುದು.

ಆದರೆ ಅದೇ ಮೈಸೂರು ಸರ್ಕಾರ 1908ರಲ್ಲಿ ಪತ್ರಿಕಾ ಕಾಯ್ದೆ ತಂದಿತು. ಸರ್ಕಾರಕ್ಕೆ ಸರಿಬೀಳದ ಪತ್ರಿಕೆಯ ಬಾಯಿ ಮುಚ್ಚಿಸಲು ಅದರಿಂದ ದಾರಿಯಾಯಿತು. ತಾತಯ್ಯ ಎಂದು ಜನ ಪ್ರೀತಿಯಿಂದ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಇದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು. ರಾಜರು ಒಳ್ಳೆಯವರಾದರೂ ಕಾಯ್ದೆ ಕೆಟ್ಟದಾಗಬಹುದು. ಇದನ್ನು ಡಿ.ವಿ.ಜಿ.ಯವರು ಎಳೆ ಪ್ರಾಯದಲ್ಲೇ ಕಣ್ಣಾರೆ ಕಂಡರು.

1913ರಲ್ಲಿ ಅವರು ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆ ಆರಂಭಿಸಿದರು. ವಾರಕ್ಕೆ ಎರಡು ಸಲ ಬರುತ್ತಿತ್ತು. ಆಗ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರು. ಅವರಿಗೂ ಇವರಿಗೂ ಒಳ್ಳೆಯ ವಿಶ್ವಾಸ. ವಿಶ್ವಾಸ ಇದ್ದರೂ, ಸರ್ಕಾರದ ಕೆಲಸದಲ್ಲಿ ತಪ್ಪು ಕಂಡರೆ ಪತ್ರಿಕೆಯಲ್ಲಿ ಬರೆಯಲು ಹಿಂಜರಿಯಲಿಲ್ಲ. ದಿವಾನರ ಸ್ನೇಹ ಬೇರೆ, ಪ್ರಜೆಯ ಕೆಲಸ ಬೇರೆ ಎಂದು ಎರಡನ್ನೂ ಬೇರೆಬೇರೆ ಗಂಟು ಕಟ್ಟಿ ಇಟ್ಟಿದ್ದರು.

ಇದಕ್ಕೆ ಸಂಬಂಧಿಸಿದ ಒಂದು ಪ್ರಸಂಗ ಎಲ್ಲರೂ ಹೇಳ್ತಾರ. ಸರ್ಕಾರಕ್ಕಾಗಿ ಅವರು ಮಾಡಿಕೊಟ್ಟ ಬರವಣಿಗೆ ಕೆಲಸಕ್ಕೆ ಆಗಾಗ ಚೆಕ್ ಬರುತ್ತಿದ್ದವಂತೆ. ಅವುಗಳನ್ನು ಬ್ಯಾಂಕಿಗೆ ಹಾಕದೆ ಹಂಗೇ ಎತ್ತಿಟ್ಟಿದ್ದರಂತೆ. ಅವರು ತೀರಿಕೊಂಡ ಮೇಲೆ ಪೆಟ್ಟಿಗೆ ತೆರೆದಾಗ ಆ ಹಳೇ ಚೆಕ್ಕುಗಳು ಸಿಕ್ಕವಂತೆ. ಮನೆಯಲ್ಲೇನು ಸಿರಿತನ ಇರಲಿಲ್ಲ. ಪತ್ನಿ ಭಾಗೀರಥಮ್ಮನವರು ಉಡಲು ಒಳ್ಳೆಯ ಸೀರೆ ಇಲ್ಲದ್ದಕ್ಕೆ ನೆಂಟರ ಮನೆಯ ಶುಭಕಾರ್ಯಕ್ಕೆ ಹೋಗದೆ ಮಕ್ಕಳನ್ನಷ್ಟೇ ಕಳಿಸಿದರಂತೆ. ಸರ್ಕಾರದ ಹಣ ಕೈಗೆ ಬಂದರೆ ಸರ್ಕಾರವನ್ನು ಪ್ರಶ್ನೆ ಮಾಡುವ ನಾಲಿಗೆ ತೊದಲುತ್ತದೆ ಅನ್ನುವುದು ಅವರ ಎಣಿಕೆ ಇದ್ದಿರಬೇಕು ಅಂತ ನನಗ ಅನ್ನಿಸ್ತದ. ಆದರೆ ಆ ಸ್ವಾತಂತ್ರ್ಯದ ಬೆಲೆಯನ್ನು ಅರ್ಧ ಕೊಟ್ಟವರು ಭಾಗೀರಥಮ್ಮನವರು. ಅವರು 1924ರಲ್ಲೇ ತೀರಿಕೊಂಡರು. ಡಿ.ವಿ.ಜಿ. ಮರುಮದುವೆಯಾಗಲಿಲ್ಲ. ಮಗ ಬಿ.ಜಿ.ಎಲ್. ಸ್ವಾಮಿಯವರು ಮುಂದೆ ಹೆಸರಾಂತ ಸಸ್ಯವಿಜ್ಞಾನಿಯಾದರು. ‘ಹಸುರು ಹೊನ್ನು’ ಬರೆದವರು ಅವರೇ.

ರಾಜ ಇರಲಿ, ಮಂತ್ರಿ ಉತ್ತರ ಕೊಡಲಿ

ಇನ್ನು ಮುಖ್ಯ ವಿಷಯ. ಡಿ.ವಿ.ಜಿ.ಯವರು ಗೋಪಾಲಕೃಷ್ಣ ಗೋಖಲೆಯವರನ್ನು ಗುರುವೆಂದು ಭಾವಿಸಿದ್ದರು. 1915ರಲ್ಲಿ ಗೋಖಲೆಯವರು ತೀರಿಕೊಂಡಾಗ ಅವರ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆದರು. ಗೋಖಲೆಯವರ ದಾರಿ ಮಂದಗಾಮಿಗಳ ದಾರಿ. ಒಂದೇ ಏಟಿಗೆ ಎಲ್ಲವನ್ನೂ ಕೆಡವದೆ, ಮೆಟ್ಟಿಲು ಮೆಟ್ಟಿಲಾಗಿ ಹತ್ತುವ ದಾರಿ.

ಹಾಗಾಗಿ ಡಿ.ವಿ.ಜಿ.ಯವರು ಮಹಾರಾಜರು ಬೇಡವೇ ಬೇಡ ಎಂದವರಲ್ಲ. ಅವರ ವಿಚಾರ ಹೀಗಿತ್ತು: ರಾಜರು ರಾಜ್ಯದ ತಲೆಯಾಗಿ ಇರಲಿ. ಆದರೆ ಆಡಳಿತ ನಡೆಸುವ ಮಂತ್ರಿಗಳು ಪ್ರಜೆಗಳ ಸಭೆಗೆ ಉತ್ತರ ಕೊಡುವವರಾಗಬೇಕು. ಸಭೆಗೆ ಬೇಡವಾದ ಮಂತ್ರಿ ಕುರ್ಚಿ ಬಿಡಬೇಕು. ಇದಕ್ಕೆ ಜವಾಬ್ದಾರಿ ಸರ್ಕಾರ ಎಂದು ಹೆಸರು. 1920ರ ದಶಕದ ಕೊನೆಯಿಂದ 1940ರ ತನಕ ಅವರು ಮೈಸೂರಿನ ನ್ಯಾಯವಿಧಾಯಕ ಸಭೆಯ ಸದಸ್ಯರೂ ಆಗಿದ್ದರು.

ಅವರು ಹೊಡೆದಾಡಿದ ಇನ್ನೊಂದು ಪ್ರಶ್ನೆ ದೇಶೀಯ ಸಂಸ್ಥಾನಗಳ ಪ್ರಜೆಗಳದು. ಆಗ ಭಾರತದಲ್ಲಿ ಐನೂರಕ್ಕೂ ಹೆಚ್ಚು ಸಂಸ್ಥಾನಗಳಿದ್ದವು. ನಮ್ಮ ಪಕ್ಕದ ಸಂಡೂರಿನಂಥ ಸಣ್ಣದೂ ಇತ್ತು, ಹೈದರಾಬಾದಿನಂಥ ದೊಡ್ಡದೂ ಇತ್ತು. 1930ರಿಂದ 1932ರ ತನಕ ಲಂಡನ್ನಿನಲ್ಲಿ ದುಂಡುಮೇಜಿನ ಪರಿಷತ್ತುಗಳು ನಡೆದವು. ಭಾರತದ ಮುಂದಿನ ರಾಜ್ಯಾಂಗ ಹೆಂಗಿರಬೇಕು ಅಂತ ಅಲ್ಲಿ ಚರ್ಚೆ. ಸಂಸ್ಥಾನಗಳ ಪರವಾಗಿ ಯಾರು ಹೋದರು? ರಾಜರು ಹೋದರು, ದಿವಾನರು ಹೋದರು. ಪ್ರಜೆಗಳು ಆರಿಸಿ ಕಳಿಸಿದ ಒಬ್ಬನೂ ಇರಲಿಲ್ಲ. 1935ರ ಕಾಯ್ದೆಯಲ್ಲೂ ಅದೇ ಆಯಿತು. ಒಕ್ಕೂಟದ ಸಭೆಗೆ ಸಂಸ್ಥಾನದ ಸದಸ್ಯರನ್ನು ರಾಜರೇ ನೇಮಿಸಬೇಕು ಎಂದು ಬರೆದರು.

ಸಂಸ್ಥಾನ ಅಂದರೆ ರಾಜರ ಅರಮನೆ ಮಾತ್ರವೇ? ಅಲ್ಲಿ ಉಳುವವ, ನೇಯುವವ, ಕಂದಾಯ ಕಟ್ಟುವವ ಇಲ್ಲವೇ? ಅವನ ಮಾತಿಗೂ ರಾಜ್ಯಾಂಗದಲ್ಲಿ ಜಾಗ ಬೇಕು ಎಂದು ಡಿ.ವಿ.ಜಿ.ಯವರು ಇಂಗ್ಲಿಷಿನಲ್ಲಿ ಪುಸ್ತಕಗಳನ್ನೇ ಬರೆದರು. ಬ್ರಿಟಿಷ್ ಇಂಡಿಯಾದ ಪ್ರಜೆಗೂ ಸಂಸ್ಥಾನದ ಪ್ರಜೆಗೂ ಭೇದ ಇರಬಾರದು ಎಂಬುದು ಅದರ ಸಾರ. ಹೊಳೆ ದಾಟಿದ ನನ್ನ ಮುತ್ತಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಆ ಪುಸ್ತಕಗಳಲ್ಲಿರುವುದು ಆಕೆಯಂಥವರ ಮಾತೇ.

ಎಲ್ಲರೂ ಅವರ ಮಾತನ್ನು ಒಪ್ಪಲಿಲ್ಲ ಎಂಬುದನ್ನೂ ಹೇಳಬೇಕು. 1938ರಲ್ಲಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು, ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆಗಿ ಜನ ಸತ್ತರು. ಬಿಸಿರಕ್ತದ ತರುಣರಿಗೆ ಮಂದಗಾಮಿಗಳ ನಡಿಗೆ ತೀರಾ ನಿಧಾನ ಅನ್ನಿಸಿತು. ಅದು ಸಹಜವೇ. ಕಡೆಗೆ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ಬಂದದ್ದು 1947ರ ‘ಮೈಸೂರು ಚಲೋ’ ಚಳವಳಿಯ ನಂತರವೇ. ಆ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿಯಾದರು. ಬರೆದವರೂ ಬೇಕು, ಬೀದಿಗೆ ಇಳಿದವರೂ ಬೇಕು ಅಂತ ನಮ್ಮ ಸಮಾಜ ಸರ್ ಹೇಳುವುದು ಇದಕ್ಕೇ.

ಚೀನಾ ದೇಶದಲ್ಲೂ ಒಬ್ಬರಿದ್ದರು

ಇಲ್ಲಿ ಚೀನಾದ ಒಬ್ಬ ವಿಚಾರವಂತರ ಹೆಸರು ಹೇಳುತ್ತೇನೆ. ಅವರು ಲಿಯಾಂಗ್ ಚಿಚಾವೊ. ಹುಟ್ಟಿದ್ದು 1873ರಲ್ಲಿ, ತೀರಿಕೊಂಡದ್ದು 1929ರಲ್ಲಿ. ಡಿ.ವಿ.ಜಿ.ಯವರ ಹಾಗೆ ಅವರೂ ಪತ್ರಿಕೆ ನಡೆಸಿದವರು. 1898ರಲ್ಲಿ ಗುರು ಕಾಂಗ್ ಯೂವೆಯ್ ಜೊತೆ ಸೇರಿ, ಚಕ್ರವರ್ತಿಯ ಕೈಯಿಂದಲೇ ಸುಧಾರಣೆ ತರಿಸಲು ಹೊರಟರು. ನೂರು ದಿನ ನಡೆಯಿತು. ಆಮೇಲೆ ರಾಜಮಾತೆ ಸಿಶಿ ಅದನ್ನು ಹೊಸಕಿಹಾಕಿದಳು. ಲಿಯಾಂಗ್ ಜಪಾನಿಗೆ ಓಡಿಹೋಗಿ ಜೀವ ಉಳಿಸಿಕೊಂಡರು.

ಅಲ್ಲಿಂದ ಪತ್ರಿಕೆಗಳಲ್ಲಿ ಬರೆದರು. ದೇಶ ಹೊಸದಾಗಬೇಕಾದರೆ ಪ್ರಜೆ ಮೊದಲು ಹೊಸಬನಾಗಬೇಕು ಎಂಬುದು ಅವರ ವಾದ. 1903ರಲ್ಲಿ ಅಮೆರಿಕ ಸುತ್ತಿ ಬಂದ ಮೇಲೆ, ನಮ್ಮ ಜನ ಗಣರಾಜ್ಯಕ್ಕೆ ಇನ್ನೂ ಸಿದ್ಧರಿಲ್ಲ, ಸದ್ಯಕ್ಕೆ ರಾಜ್ಯಾಂಗಕ್ಕೆ ಕಟ್ಟುಬಿದ್ದ ಚಕ್ರವರ್ತಿಯೇ ಸಾಕು ಎಂದರು. ಸನ್ ಯಾತ್ ಸೆನ್ ಕಡೆಯವರು ಇದನ್ನು ಒಪ್ಪಲಿಲ್ಲ. 1911ರಲ್ಲಿ ಕ್ರಾಂತಿಯಾಗಿ 1912ರಲ್ಲಿ ಚೀನಾ ಗಣರಾಜ್ಯವಾಯಿತು. ಲಿಯಾಂಗ್ ಅದನ್ನು ಒಪ್ಪಿಕೊಂಡರು. 1915ರಲ್ಲಿ ಅಧ್ಯಕ್ಷ ಯುವಾನ್ ಶಿಕಾಯ್ ತಾನೇ ಚಕ್ರವರ್ತಿಯಾಗಲು ಹೊರಟಾಗ, ಹಿಂದೆ ಚಕ್ರವರ್ತಿ ಇರಲಿ ಎಂದಿದ್ದ ಇದೇ ಲಿಯಾಂಗ್ ಅದನ್ನು ಎದುರಿಸಿ ಬರೆದರು. ಅವರ ಶಿಷ್ಯ ಸೈನ್ಯ ಕಟ್ಟಿ ನಿಂತ. 1916ರಲ್ಲಿ ಯುವಾನ್ ಕಿರೀಟದ ಆಸೆ ಬಿಡಬೇಕಾಯಿತು.

ಬೇರೆಬೇರೆ ದೇಶದಲ್ಲಿದ್ದ ಈ ಇಬ್ಬರ ವಿಚಾರದಲ್ಲಿ ಒಂದು ಹೋಲಿಕೆ ಇದೆ. ಕುರ್ಚಿಯಲ್ಲಿ ಯಾರು ಕೂತಿದ್ದಾರೆ ಎಂಬುದಕ್ಕಿಂತ, ಕೂತವರನ್ನು ಕೇಳುವ ಪ್ರಜೆ ಎದುರಿಗೆ ಇದ್ದಾನೋ ಇಲ್ಲವೋ ಎಂಬುದೇ ಇಬ್ಬರಿಗೂ ದೊಡ್ಡದಾಗಿತ್ತು. ಪ್ರಜೆ ನಿದ್ದೆ ಹೊಡೆದರೆ ಗಣರಾಜ್ಯದಲ್ಲೂ ಒಬ್ಬ ಹೊಸ ದೊರೆ ಎದ್ದು ಕೂಡ್ತಾನ.

ಒಂದು ವಿಷಯದಲ್ಲಿ ಮಾತ್ರ ನನಗೆ ಅನುಮಾನ ಉಳಿದಿದೆ. ಜನ ಇನ್ನೂ ಸಿದ್ಧರಿಲ್ಲ ಅನ್ನುವ ಮಾತನ್ನು ಆಳುವವರೂ ಬಳಸಿಕೊಳ್ಳಬಹುದಲ್ಲ? ಈಜು ಕಲಿತ ಮೇಲೆ ನೀರಿಗಿಳಿ ಅಂದಂಗ ಆಗ್ತದ. ನಮ್ಮ ದೇಶ ಮೊದಲು ನೀರಿಗಿಳಿಯಿತು. ಆಮೇಲೆ ಈಜು ಕಲಿಸುವವರು ಬೇಕಾದರು. ಆ ಕೆಲಸಕ್ಕೆ ಡಿ.ವಿ.ಜಿ. ಕೈಹಾಕಿದರು.

ಗಣರಾಜ್ಯ ಬಂದ ಮೇಲೆ

ನಮ್ಮ ಸೀಮೆಯ ನಾಲ್ಕು ಆಳ್ವಿಕೆಗಳು ಒಂದೊಂದಾಗಿ ಮುಗಿದವು. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ರಾಜ್ಯ ಭಾರತಕ್ಕೆ ಸೇರಿತು. 1949ರಲ್ಲಿ ಸಂಡೂರು ಬಳ್ಳಾರಿ ಜಿಲ್ಲೆಗೆ ಸೇರಿತು. 1950ರ ಜನವರಿ 26ರಂದು ಭಾರತ ಗಣರಾಜ್ಯವಾಯಿತು. ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಇಪ್ಪತ್ತೊಂದು ತುಂಬಿದ ಎಲ್ಲರಿಗೂ ಓಟು ಬಂತು. ಹೆಣ್ಣು ಗಂಡು, ಬಡವ ಬಲ್ಲಿದ ಭೇದವಿಲ್ಲ. ಬಳ್ಳಾರಿಯಿಂದ ಟೇಕೂರು ಸುಬ್ರಹ್ಮಣ್ಯಂ ಅವರು ಲೋಕಸಭೆಗೆ ಹೋದರು. 1953ರ ಅಕ್ಟೋಬರ್ 1ರಂದು ಬಳ್ಳಾರಿ, ಸಿರುಗುಪ್ಪ ಎಲ್ಲಾ ಮೈಸೂರು ರಾಜ್ಯಕ್ಕೆ ಸೇರಿದವು. ಆಗ ಜಯಚಾಮರಾಜ ಒಡೆಯರು ರಾಜಪ್ರಮುಖರು. ಆಳುವವರು ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು. 1956ರಲ್ಲಿ ಹೊಳೆ ಆಚೆಯ ರಾಯಚೂರೂ ಬಂದು ಸೇರಿತು. ನನ್ನ ಮುತ್ತಜ್ಜಿಯ ತವರಿಗೂ ಗಂಡನ ಮನೆಗೂ ಒಂದೇ ರಾಜ್ಯವಾಯಿತು. ಆಕೆಯ ಕೈಯಲ್ಲಿ ಒಂದು ಓಟು ಇತ್ತು.

ಓಟು ಬಂತು, ಇನ್ನೇನು ಬೇಕು? ಇಲ್ಲಿಂದಲೇ ಕೆಲಸ ಶುರು ಎಂದು ಡಿ.ವಿ.ಜಿ. ತಿಳಿದಿದ್ದರು. 1945ರಲ್ಲೇ ಅವರು ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಸ್ಥಾಪಿಸಿದ್ದರು. ಅಲ್ಲಿ ಗ್ರಂಥಾಲಯ, ಉಪನ್ಯಾಸ, ಚರ್ಚೆ, ತರುಣರಿಗೆ ಓದುಕೂಟ ಎಲ್ಲವೂ ನಡೆದವು. ಅದು ಯಾವ ಪಕ್ಷಕ್ಕೂ ಸೇರಿದ್ದಲ್ಲ. ಸರ್ಕಾರ ಅಂದರೇನು, ಕಾಯ್ದೆ ಹೆಂಗ ಆಗ್ತದ, ಹಕ್ಕು ಯಾವುದು, ಕರ್ತವ್ಯ ಯಾವುದು ಎಂದು ತಿಳಿಸುವ ಶಾಲೆ ಅದು. ದೊಡ್ಡವರಿಗೆ ಒಂದು ಶಾಲೆ!

ಇಂಗ್ಲಿಷ್ ಬಾರದವರಿಗಾಗಿ ಅವರು ಕನ್ನಡದಲ್ಲಿ ‘ರಾಜ್ಯಶಾಸ್ತ್ರ’, ‘ರಾಜ್ಯಾಂಗ ತತ್ತ್ವಗಳು’ ಬರೆದರು. ಅವರು ಹೇಳಿದ ವಿಚಾರಗಳಲ್ಲಿ ನನಗೆ ತಿಳಿದಷ್ಟು ಇಷ್ಟು:

1. ಹಕ್ಕು ಕೇಳುವವನು ಕರ್ತವ್ಯವನ್ನೂ ಹೊರಬೇಕು.

2. ಆರಿಸಿ ಹೋದವನು ಪಕ್ಷ ಹೇಳಿದ್ದಕ್ಕೆಲ್ಲ ಕೈ ಎತ್ತದೆ, ಸ್ವಂತ ವಿವೇಕದಿಂದ ನಡೆಯಬೇಕು. ಪಕ್ಷದ ಹುರುಪು ದೇಶದ ಹಿತಕ್ಕಿಂತ ದೊಡ್ಡದಾಗಬಾರದು.

3. ತಲೆ ಎಣಿಸಿದರೆ ಸಾಲದು, ತಲೆಯೊಳಗೆ ವಿಚಾರವೂ ಬೇಕು. ಅದಕ್ಕೆ ಪ್ರಜೆಗೆ ಓದು ಬೇಕು.

4. ರಾಜಕೀಯವು ಹೊಲಸು ಎಂದು ಒಳ್ಳೆಯವರು ದೂರ ನಿಂತರೆ ಅದು ಇನ್ನಷ್ಟು ಹೊಲಸಾಗುತ್ತದೆ.

ಕೊನೆಯ ದಿನಗಳು

1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ಕೊಟ್ಟಿತು, ಮೆಟ್ರಿಕ್ ಪಾಸಾಗದವರಿಗೆ! 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1974ರಲ್ಲಿ ಪದ್ಮಭೂಷಣ ಬಂದವು. 1970ರಲ್ಲಿ ಬೆಂಗಳೂರಿನಲ್ಲಿ ಅವರನ್ನು ಸನ್ಮಾನಿಸಿ ಒಂದು ಲಕ್ಷ ರೂಪಾಯಿ ನಿಧಿ ಅರ್ಪಿಸಿದರು. ಅಷ್ಟನ್ನೂ ಗೋಖಲೆ ಸಂಸ್ಥೆಗೆ ಕೊಟ್ಟುಬಿಟ್ಟರು. 1975ರ ಅಕ್ಟೋಬರ್ 7ರಂದು ಕೀರ್ತಿಶೇಷರಾದರು. ಆಗ ದೇಶದಲ್ಲಿ ತುರ್ತು ಪರಿಸ್ಥಿತಿ. ಪತ್ರಿಕೆಗಳ ಬಾಯಿಗೆ ಬೀಗ ಬಿದ್ದಿತ್ತು. 1908ರಲ್ಲಿ ರಾಜರ ಕಾಲದಲ್ಲಿ ಕಂಡದ್ದನ್ನು ಅವರು ಗಣರಾಜ್ಯದಲ್ಲೂ ಕಂಡು ಕಣ್ಣುಮುಚ್ಚಿದರು. ಆ ಬೀಗವನ್ನು 1977ರಲ್ಲಿ ತೆಗೆಸಿದ್ದು ಮತ್ತೆ ಪ್ರಜೆಗಳ ಓಟೇ.

ನಮಗೇನು ಪಾಠ?

ನಮ್ಮ ಅಣ್ಣನಿಗೆ ಹದಿನೆಂಟು ತುಂಬಿದೆ. ಓಟು ಹಾಕಿದ್ರ ಏನು ಸಿಗ್ತದಲೇ ಅಂತ ನನ್ನನ್ನೇ ಕೇಳ್ತಾನ. ಇತ್ತೀಚೆಗೆ ನಾನು ಅವ್ವನ ಜೊತೆ ಒಂದು ಗ್ರಾಮಸಭೆಗೆ ಹೋಗಿದ್ದೆ. ಹಾಕಿದ ಕುರ್ಚಿ ಎಪ್ಪತ್ತು, ಬಂದ ಮಂದಿ ಹದಿನೈದು. ಹೆಂಗಸರು ನಾಲ್ಕು. ಪುಸ್ತಕದಲ್ಲಿ ಸಹಿ ಮಾಡಿಸಿಕೊಂಡು ಸಭೆ ಮುಗಿಸುವ ಅವಸರದಲ್ಲಿದ್ದರು. ಅವ್ವ ಎದ್ದು ನಿಂತು, ನಮ್ಮ ಓಣಿ ನಳದಾಗ ನೀರು ಯಾಕ ಬರಂಗಿಲ್ರಿ ಅಂತ ಕೇಳಿದಳು. ಒಂದು ಗಳಿಗೆ ಎಲ್ಲರೂ ಸುಮ್ಮನಾದರು. ಆಮೇಲೆ ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. ನೀರು ಇನ್ನೂ ಸರಿಯಾಗಿ ಬಂದಿಲ್ಲ. ಆದರೆ ಪ್ರಶ್ನೆ ಬರವಣಿಗೆಯಲ್ಲಿ ಕೂತಿದೆ. ಮುಂದಿನ ಸಭೆಯಲ್ಲಿ ಅದಕ್ಕೆ ಉತ್ತರ ಕೇಳಬಹುದು.

ನನ್ನ ಮುತ್ತಜ್ಜಿಯನ್ನು ಕೇಳುವವರು ಇರಲಿಲ್ಲ. ನಮ್ಮವ್ವ ತಾನೇ ಎದ್ದು ಕೇಳಿದಳು. ಈ ಎರಡರ ನಡುವೆ ಡಿ.ವಿ.ಜಿ.ಯಂಥವರ ಕೆಲಸ ಇದೆ. ಎಸ್ಸೆಸ್ಸೆಲ್ಸಿ ಪಾಸಾಗದ ನಮ್ಮವ್ವ ಕೇಳಬಹುದಾದರೆ, ಓದುತ್ತಿರುವ ನಾವು ಯಾಕ ಬಾಯಿ ಮುಚ್ಚಿಕೊಂಡಿರಬೇಕು?

ಬರುವ ತಿಂಗಳು ನಮ್ಮ ಶಾಲಾ ಸಂಸತ್ತಿನ ಚುನಾವಣೆ ಇದೆ. ಪೆನ್ನು, ಚಾಕಲೇಟು ಹಂಚುವವರಿಗೆ ಓಟು ಹಾಕಬೇಡಿ. ನಮ್ಮ ಓಣಿಯವನು, ನಮ್ಮ ಮಂದಿ ಅಂತಲೂ ಹಾಕಬೇಡಿ. ಗೆದ್ದವರನ್ನು ತಿಂಗಳಿಗೊಮ್ಮೆ ಎಲ್ಲರ ಮುಂದೆ ನಿಲ್ಲಿಸಿ, ಏನು ಮಾಡಿದಿರಿ ಅಂತ ಕೇಳೋಣ. ಡಿ.ವಿ.ಜಿ.ಯವರಿಗೆ ನಾವು ಸಲ್ಲಿಸುವ ನಮಸ್ಕಾರ ಅದೇ.



– ಹತ್ತನೇ ತರಗತಿ ವಿದ್ಯಾರ್ಥಿನಿ